ಕೂಸಿನ ಬಡತನ ಯಾವ ಲೆಕ್ಕದಲ್ಲಿದೆ?

ಕೂಸಿನ ಉದ್ದ ಅಳೆಯುವುದನ್ನು ಹತ್ತಿರ ಕೂತು ನೋಡಿದ್ದೀರಾ? ಎರಡು ವರ್ಷದೊಳಗಿನ ಮಗುವಾದರೆ ಹಲಗೆ ಮೇಲೆ ಮಲಗಿಸಬೇಕು. ತಲೆ ಒಂದು ತುದಿಗೆ ತಾಗಿರಬೇಕು. ಅಮ್ಮ ಎರಡೂ ಕಿವಿ ಹತ್ತಿರ ಕೈಯಿಟ್ಟು ತಲೆ ಅಲುಗದಂತೆ ನೋಡಿಕೊಳ್ಳಬೇಕು. ಅಂಗನವಾಡಿ ಟೀಚರ್ ಒಂದು ಕೈಯಲ್ಲಿ ಮೊಣಕಾಲು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಜಾರುವ ಪಟ್ಟಿಯನ್ನು ಅಂಗಾಲಿಗೆ ತಂದು ತಾಗಿಸಬೇಕು. ಕೂಸು ಸುಮ್ನೆ ಇರುತ್ತಾ? ಕಾಲು ಮಡಚುತ್ತದೆ, ಅಳುತ್ತದೆ, ಮಗ್ಗುಲಾಗುತ್ತದೆ. ಅಷ್ಟರಲ್ಲಿ ಪಟ್ಟಿ ಎಲ್ಲಿ ನಿಂತಿತು ಎಂದು ನೋಡಿ ಬರೆದುಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎರಡು ವರ್ಷದ ಹೆಣ್ಣು ಮಗುವಿಗೆ ಒಂದು ಗೆರೆ ಇದೆ. ಮಲಗಿಸಿ ಅಳೆದರೆ 80 ಸೆಂ.ಮೀ. ಅದಕ್ಕಿಂತ ಕಡಿಮೆ ಬಂದರೆ ಬೆಳವಣಿಗೆ ಕುಂಠಿತ ಎಂದು ಲೆಕ್ಕ. ಅದೇ ಮಗುವನ್ನು ನಿಲ್ಲಿಸಿ ಅಳೆದರೆ ಗೆರೆ 79.3ಕ್ಕೆ ಇಳಿಯುತ್ತದೆ. ಮಗುವಿಗೆ 24 ತಿಂಗಳೋ 25 ತಿಂಗಳೋ ಎಂಬುದು ತಪ್ಪಿದರೂ ಸುಮಾರು ಅಷ್ಟೇ ವ್ಯತ್ಯಾಸ. ಅಂದರೆ ಬೆರಳಿನ ಅರ್ಧ ಅಗಲದಲ್ಲಿ ಮಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿಬಿಡುತ್ತದೆ.

ಇಷ್ಟು ನಾಜೂಕಾದ ಅಳತೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಆರು ವರ್ಷದೊಳಗಿನ ಮಕ್ಕಳ ಸ್ಥಿತಿಯನ್ನು ರಾಜ್ಯವಾರು ತಿಳಿಯಲು ಹಲವು ಲೆಕ್ಕಗಳಿವೆ. ಅವುಗಳಲ್ಲಿ ಮಗುವನ್ನೇ ಕರೆದು, ಮಗುವನ್ನೇ ಮುಟ್ಟಿ ನೋಡುವವು ತೀರಾ ಕಡಿಮೆ. ಮಿಕ್ಕವೆಲ್ಲ ಮನೆಯನ್ನು ಅಳೆಯುತ್ತವೆ. ಮನೆ ಬಡವಾದರೆ ಮಗು ಬಡವು, ಮನೆ ಪರವಾಗಿಲ್ಲ ಎಂದಾದರೆ ಮಗುವೂ ಪರವಾಗಿಲ್ಲ ಎಂದು ಬರೆದುಕೊಳ್ಳುತ್ತವೆ. ಆರು ವರ್ಷದೊಳಗಿನ ಮಕ್ಕಳಿಗೆ ಇದು ಸಾಲದು ಎಂಬುದು ನನ್ನ ವಾದ. ಅವರಿಗೆ ಅವರದೇ ಆದ ಒಂದು ಲೆಕ್ಕ ಬೇಕು, ಅದು ರಾಜ್ಯದ ಮಟ್ಟದಲ್ಲಿ ಬೇಕು.

ರಾಜ್ಯದ ಮಟ್ಟದಲ್ಲೇ ಯಾಕೆ ಅಂದರೆ, ಮಗುವಿನ ತಟ್ಟೆಗೆ ಏನು ಬೀಳಬೇಕು ಎಂಬುದರಲ್ಲಿ ರಾಜ್ಯದ ಪಾಲು ದೊಡ್ಡದು. ಮೊಟ್ಟೆ ಕೊಡಬೇಕೋ ಬೇಡವೋ, ಹಾಲು ವಾರಕ್ಕೆ ಎಷ್ಟು ದಿನ, ಗರ್ಭಿಣಿಗೆ ಬಿಸಿಯೂಟ ಇದೆಯೋ ಇಲ್ಲವೋ, ಇವೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕರ್ನಾಟಕ 2013ರಲ್ಲಿ ಕ್ಷೀರಭಾಗ್ಯ, 2017ರಲ್ಲಿ ಮಾತೃಪೂರ್ಣ ಶುರು ಮಾಡಿದ್ದು ರಾಜ್ಯದ ತೀರ್ಮಾನ. ದುಡ್ಡು ಖರ್ಚು ಮಾಡುವವರ ಕೈಯಲ್ಲೇ ಲೆಕ್ಕವೂ ಇರಬೇಕು ಅಲ್ವಾ?

ತಲೆಗಿಷ್ಟು ಎಂದು ಹಂಚಿದಾಗ

ಮೊದಲು ಹಳೆಯ ದಾರಿ ನೋಡೋಣ, ಬಡತನ ರೇಖೆ. 2009ರಲ್ಲಿ ತೆಂಡೂಲ್ಕರ್ ಸಮಿತಿ ಹೇಳಿದ ವಿಧಾನದಲ್ಲಿ 2011-12ಕ್ಕೆ ಹಾಕಿದ ಗೆರೆ ಹೀಗಿತ್ತು: ದೇಶದ ಹಳ್ಳಿಗಳಲ್ಲಿ ತಲೆಗೆ ತಿಂಗಳಿಗೆ 816 ರೂಪಾಯಿ, ಪಟ್ಟಣಗಳಲ್ಲಿ 1,000 ರೂಪಾಯಿ. ಕರ್ನಾಟಕದ ಹಳ್ಳಿಗೆ 902 ರೂಪಾಯಿ. ಅದಕ್ಕಿಂತ ಕಡಿಮೆ ಖರ್ಚು ಮಾಡುವವರು ಬಡವರು. ಆ ಲೆಕ್ಕದಲ್ಲಿ ದೇಶದ ಶೇ 21.9 ಮಂದಿ, ಕರ್ನಾಟಕದ ಶೇ 20.9 ಮಂದಿ ಗೆರೆ ಕೆಳಗಿದ್ದರು. 2014ರಲ್ಲಿ ರಂಗರಾಜನ್ ಸಮಿತಿ ಹಳ್ಳಿಗೆ ದಿನಕ್ಕೆ 32, ಪಟ್ಟಣಕ್ಕೆ 47 ರೂಪಾಯಿ ಎಂದು ಗೆರೆಯನ್ನು ಮೇಲೆತ್ತಿತು. ಅದನ್ನು ಸರ್ಕಾರ ಅಧಿಕೃತವಾಗಿ ಒಪ್ಪಲೇ ಇಲ್ಲ.

ಗೆರೆ ಎಷ್ಟಿರಬೇಕು ಎಂಬ ಜಗಳ ಎಲ್ಲರಿಗೂ ಗೊತ್ತು. ಆದರೆ "ತಲೆಗೆ" ಎಂಬ ಮಾತಿನ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ಒಂದು ಮನೆ ಅಂದುಕೊಳ್ಳಿ. ಗಂಡ, ಹೆಂಡತಿ, ಅತ್ತೆ, ಮೂರು ವರ್ಷದ ಮಗ, ಆರು ತಿಂಗಳ ಮಗಳು. ತಿಂಗಳ ಖರ್ಚು 9,000 ರೂಪಾಯಿ. ಐದು ತಲೆಗೆ ಹಂಚಿದರೆ 1,800. ಇಲ್ಲಿ ಆರು ತಿಂಗಳ ಕೂಸೂ ಒಂದು ತಲೆ, ಗದ್ದೆಯಲ್ಲಿ ದುಡಿಯುವ ಅಪ್ಪನೂ ಒಂದು ತಲೆ. ಬೇರೆ ಕೆಲವು ದೇಶಗಳಲ್ಲಿ ಮೊದಲ ದೊಡ್ಡವರನ್ನು 1, ಆಮೇಲಿನ ದೊಡ್ಡವರನ್ನು 0.5, ಮಗುವನ್ನು 0.3 ಎಂದು ಹಿಡಿಯುತ್ತಾರೆ. ಆಗ ಈ ಮನೆಯಲ್ಲಿ ಇರುವುದು 2.6 ತಲೆ. ಹಂಚಿದರೆ 3,460 ರೂಪಾಯಿ ಬರುತ್ತದೆ. ಮನೆ ಅದೇ, ದುಡ್ಡು ಅದೇ. ಮಗುವನ್ನು ಎಷ್ಟು ಎಂದು ಹಿಡಿದಿರಿ ಎಂಬುದರ ಮೇಲೆ ಬಡತನ ಏರುತ್ತದೆ, ಇಳಿಯುತ್ತದೆ.

ಯಾವುದು ಸರಿ? ತಲೆಗಿಷ್ಟು ಎಂದು ಸಮ ಹಂಚಿದರೆ ಮಕ್ಕಳು ಜಾಸ್ತಿ ಇರುವ ಮನೆಗಳೆಲ್ಲ ಬಡವಾಗಿ ಕಾಣುತ್ತವೆ. 0.3 ಎಂದರೆ ಕೂಸಿನ ಖರ್ಚು ಏನೂ ಇಲ್ಲ ಎಂದಂತೆ ಆಗುತ್ತದೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಯಾಕೆಂದರೆ ಕೂಸು ಬಂದ ಮನೆಯಲ್ಲಿ ಆಗುವ ದೊಡ್ಡ ಬದಲಾವಣೆ ಖರ್ಚಿನ ಕಡೆ ಇಲ್ಲ, ಗಳಿಕೆಯ ಕಡೆ ಇದೆ. ಕೂಲಿಗೆ ಹೋಗುವ ತಾಯಿ ಏಳನೇ ತಿಂಗಳಿಗೋ ಎಂಟನೇ ತಿಂಗಳಿಗೋ ಕೆಲಸ ಬಿಡುತ್ತಾಳೆ. ಹೆರಿಗೆಯಾದ ಮೇಲೆ ಹಲವು ತಿಂಗಳು ಹೋಗುವುದಿಲ್ಲ, ಇಲ್ಲವೇ ಹೋಗಲೇಬೇಕಾಗಿ ಕೂಸನ್ನು ಬಿಟ್ಟು ಹೋಗುತ್ತಾಳೆ. ಒಂದರಲ್ಲಿ ದುಡ್ಡು ಹೋಯಿತು, ಇನ್ನೊಂದರಲ್ಲಿ ಎದೆಹಾಲು ಹೋಯಿತು. ಸಮೀಕ್ಷೆಯವರು ಬಂದು ಹಿಂದಿನ ಒಂದು ವರ್ಷದಲ್ಲಿ ಬಟ್ಟೆಗೆ, ಪಾತ್ರೆಗೆ ಎಷ್ಟು ಖರ್ಚು ಮಾಡಿದಿರಿ ಎಂದು ಕೇಳಿದರೆ, ಐದು ತಿಂಗಳ ಕೂಸಿನ ಮನೆಯವರು ಹೇಳುವುದು ಬಹುಪಾಲು ಕೂಸು ಹುಟ್ಟುವ ಮೊದಲಿನ ಕಥೆ. ಆಗ ಇಬ್ಬರು ದುಡಿಯುತ್ತಿದ್ದರು. ಮನೆ ಗೆರೆಯ ಮೇಲಿತ್ತು. ಕೂಸು ಮಾತ್ರ ಆ ಕಾಲದಲ್ಲಿ ಇರಲೇ ಇಲ್ಲ.

ಇನ್ನೂ ಒಂದು ಮಾತಿದೆ. ಮನೆಗೆ ಬಂದದ್ದು ಮನೆಯೊಳಗೆ ಸಮನಾಗಿ ಹಂಚಿಹೋಗುತ್ತದೆಯೇ? ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುತ್ತದೆ. ಭಾರತದ ಮಕ್ಕಳನ್ನು ಆಫ್ರಿಕಾದ ಮಕ್ಕಳ ಜೊತೆ ಹೋಲಿಸಿ ನೋಡಿದರು. ನಮ್ಮಲ್ಲಿ ಮೊದಲು ಹುಟ್ಟಿದ ಗಂಡು ಮಗು ಎತ್ತರದಲ್ಲಿ ಹಿಂದೆ ಬಿದ್ದಿಲ್ಲ. ಎರಡನೆಯ ಮಗು, ಮೂರನೆಯ ಮಗು ಎಂದು ಕೆಳಗೆ ಹೋದಂತೆ ಎತ್ತರ ಕುಸಿಯುತ್ತದೆ. ಒಂದೇ ಸೂರು, ಒಂದೇ ಒಲೆ, ಒಂದೇ ಖರ್ಚು. ಆದರೂ ಒಬ್ಬನಿಗೆ ಸಿಕ್ಕಿದ್ದು ಇನ್ನೊಬ್ಬಳಿಗೆ ಸಿಕ್ಕಿಲ್ಲ. ತಲೆಗಿಷ್ಟು ಎಂಬ ಲೆಕ್ಕಕ್ಕೆ ಇದು ಕಾಣುವುದೇ ಇಲ್ಲ.

ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಿಂದ ಆಹಾರವನ್ನು ಮನೆಗೆ ಕೊಟ್ಟು ಕಳಿಸುತ್ತಾರೆ. ಮೂರರಿಂದ ಆರರವರು ಅಲ್ಲೇ ಕೂತು ಉಣ್ಣುತ್ತಾರೆ. ಮನೆಗೆ ಬಂದ ಹಿಟ್ಟು ಎಲ್ಲರ ಹೊಟ್ಟೆಗೂ ಹೋಗುತ್ತದೆ. ಯಾವ ತಾಯಿಯನ್ನೂ ಇದಕ್ಕೆ ದೂರುವಂತಿಲ್ಲ. ದೊಡ್ಡ ಮಗ ಹಸಿದು ಎದುರು ನಿಂತಿರುವಾಗ ಇದು ಚಿಕ್ಕವಳದ್ದು ಎಂದು ಎತ್ತಿಡಲು ಯಾರಿಗೆ ಮನಸ್ಸು ಬರುತ್ತದೆ? ಕೊಟ್ಟ ಲೆಕ್ಕದಲ್ಲಿ ಮಾತ್ರ ಅದು ಚಿಕ್ಕವಳ ಹೆಸರಿನಲ್ಲಿ ಇರುತ್ತದೆ.

42ರಲ್ಲಿ 13 ಅಂಕ

ಈಚೆಗೆ ಹೆಚ್ಚು ಓಡಾಡುತ್ತಿರುವುದು ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ. ದುಡ್ಡು ಬಿಟ್ಟು ಬದುಕಿನ ಕೊರತೆಗಳನ್ನು ನೋಡುವ ಲೆಕ್ಕ ಇದು. ಒಳ್ಳೆಯ ಹೆಜ್ಜೆ, ಅದರಲ್ಲಿ ನನಗೆ ಅನುಮಾನವಿಲ್ಲ. 2015-16ರಲ್ಲಿ ದೇಶದ ಶೇ 24.85 ಮಂದಿ ಈ ಲೆಕ್ಕದಲ್ಲಿ ಬಡವರಾಗಿದ್ದರು. 2019-21ರ ಹೊತ್ತಿಗೆ ಶೇ 14.96ಕ್ಕೆ ಇಳಿಯಿತು. ಬಿಹಾರ ಶೇ 33.76, ಕರ್ನಾಟಕ ಶೇ 7.58, ಕೇರಳ ಶೇ 0.55.

ಒಳಗೆ ಏನಿದೆ ನೋಡೋಣ. ಆರೋಗ್ಯ, ಶಿಕ್ಷಣ, ಜೀವನ ಮಟ್ಟ ಎಂಬ ಮೂರು ಭಾಗಗಳಲ್ಲಿ ಒಟ್ಟು 12 ಅಂಶಗಳಿವೆ. ಒಂದೊಂದಕ್ಕೆ ಒಂದೊಂದು ತೂಕ. ಲೆಕ್ಕ ಸುಲಭವಾಗಲಿ ಎಂದು ಒಟ್ಟು 42 ಅಂಕ ಎಂದು ಹಿಡಿಯಿರಿ. ಪೌಷ್ಟಿಕತೆಗೆ 7. ಮಕ್ಕಳ ಸಾವಿಗೆ ಮೂರೂವರೆ, ತಾಯಿಯ ಆರೈಕೆಗೆ ಮೂರೂವರೆ. ಶಾಲಾ ವರ್ಷಗಳಿಗೆ 7, ಶಾಲಾ ಹಾಜರಿಗೆ 7. ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ಮನೆ, ವಿದ್ಯುತ್, ಆಸ್ತಿಪಾಸ್ತಿ, ಬ್ಯಾಂಕ್ ಖಾತೆ, ಇವಕ್ಕೆ ತಲಾ 2. ಒಂದು ಮನೆಗೆ 14 ಅಥವಾ ಅದಕ್ಕಿಂತ ಜಾಸ್ತಿ ಕೊರತೆಯ ಅಂಕ ಬಂದರೆ ಆ ಮನೆ ಬಡ ಮನೆ.

ಈಗ ಒಂದು ಮನೆಗೆ ಹೋಗೋಣ. ಒಂದೂವರೆ ವರ್ಷದ ಮಗು ಅಪೌಷ್ಟಿಕತೆಯಿಂದ ಬಳಲುತ್ತಿದೆ: 7 ಅಂಕ. ಅಡುಗೆ ಕಟ್ಟಿಗೆ ಒಲೆಯಲ್ಲಿ, ಹೊಗೆ ಮಗುವಿನ ಮೂಗಿಗೆ: 2 ಅಂಕ. ಮಣ್ಣಿನ ನೆಲ: 2. ಶೌಚಾಲಯ ಇಲ್ಲ: 2. ಕೂಡಿಸಿ. 13 ಆಯಿತು. ಗೆರೆ 14ರಲ್ಲಿದೆ. ಈ ಮನೆ ಬಡ ಮನೆ ಅಲ್ಲ. ಮನೆ ಅಲ್ಲ ಅಂದ ಮೇಲೆ ಮಗುವೂ ಅಲ್ಲ.

ನಾನು ಈ ಕೂಡುವ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಹಾಕಿದಾಗ ಎಲ್ಲೋ ತಪ್ಪಿರಬೇಕು ಎಂದು ಮತ್ತೆ ಕೂಡಿದೆ. ತಪ್ಪಿರಲಿಲ್ಲ. ವಿದ್ಯುತ್ ಇದೆ, ಫೋನ್ ಇದೆ, ಬ್ಯಾಂಕ್ ಖಾತೆ ಇದೆ, ಮನೆಯಲ್ಲಿ ಯಾರೋ ಒಬ್ಬರು ಆರು ವರ್ಷ ಶಾಲೆಗೆ ಹೋಗಿದ್ದಾರೆ. ಅಷ್ಟು ಸಾಕು ದಾಟಲು. ಶಾಲಾ ಹಾಜರಿ ಎಂಬ 7 ಅಂಕದ ಅಂಶವಂತೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಸಂಬಂಧಿಸಿದ್ದು. ಮೂರು ವರ್ಷದ ಮಗು ಕಲಿಯುವ ಅವಕಾಶ ಪಡೆದಿದೆಯೇ, ಅದರ ಜೊತೆ ಮಾತಾಡುವವರು, ಆಡುವವರು ಇದ್ದಾರೆಯೇ ಎಂದು ಈ 12ರಲ್ಲಿ ಯಾವುದೂ ಕೇಳುವುದಿಲ್ಲ. ಸೂಚ್ಯಂಕವನ್ನು ಕಟ್ಟಿದವರು ಕೂಸನ್ನು ಬೇಕೆಂದೇ ಬಿಟ್ಟರು ಎಂದಲ್ಲ. ಅದನ್ನು ಕಟ್ಟಿದ್ದು ಮನೆಗಾಗಿ. ನಾವು ಅದನ್ನು ಮಕ್ಕಳ ಲೆಕ್ಕ ಎಂದು ಓದಿದಾಗ ತಪ್ಪಾಗುತ್ತದೆ.

ರಾಜ್ಯಗಳ ಸಾಲನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ ಎನ್‌ಎಫ್‌ಎಚ್‌ಎಸ್-5ರಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಬೆಳವಣಿಗೆ ಕುಂಠಿತರಾದವರು ದೇಶದಲ್ಲಿ ಶೇ 35.5. ಕರ್ನಾಟಕದಲ್ಲಿ ಶೇ 35.4. ಬಡತನದಲ್ಲಿ ದೇಶದ ಅರ್ಧದಷ್ಟಿರುವ ಕರ್ನಾಟಕ, ಮಕ್ಕಳ ಎತ್ತರದಲ್ಲಿ ದೇಶದ ಸರಾಸರಿಯಲ್ಲೇ ನಿಂತಿದೆ. ಒಡಿಶಾ ಮತ್ತು ಗುಜರಾತ್ ತೆಗೆದುಕೊಳ್ಳಿ. ಬಹು ಆಯಾಮದ ಬಡತನ ಒಡಿಶಾದಲ್ಲಿ ಶೇ 15.68, ಗುಜರಾತಿನಲ್ಲಿ ಶೇ 11.66. ಕುಂಠಿತ ಮಕ್ಕಳು ಒಡಿಶಾದಲ್ಲಿ ಶೇ 31, ಗುಜರಾತಿನಲ್ಲಿ ಶೇ 39. ಸಾಲು ತಿರುಗುಮುರುಗಾಯಿತು. ಬಡತನದಲ್ಲಿ ಮೊದಲು ಬರುವುದು ಬಿಹಾರ. ಕುಂಠಿತ ಮಕ್ಕಳಲ್ಲಿ ಮೊದಲು ಬರುವುದು ಮೇಘಾಲಯ, ಶೇ 46.5.

ಹಾಗಾದರೆ ಎತ್ತರವನ್ನೇ ಬಡತನ ಎನ್ನೋಣವೇ?

ಅದೂ ಆಗುವುದಿಲ್ಲ. ಎನ್‌ಎಫ್‌ಎಚ್‌ಎಸ್-5ರಲ್ಲಿ ದೇಶದ ಅತಿ ಬಡ ಐದನೇ ಒಂದು ಭಾಗದ ಮನೆಗಳಲ್ಲಿ ಶೇ 46ರಷ್ಟು ಮಕ್ಕಳು ಕುಂಠಿತ. ಅತಿ ಸಿರಿವಂತ ಐದನೇ ಒಂದು ಭಾಗದಲ್ಲೂ ಶೇ 23ರಷ್ಟು. ಬಡತನ ಇಲ್ಲವೇ ಇಲ್ಲ ಎನ್ನಬಹುದಾದ ಕೇರಳದಲ್ಲಿ ಶೇ 23.4. ಅಮ್ಮ ಚಿಕ್ಕವಳಿದ್ದಾಗ ಏನು ತಿಂದಳು, ಗರ್ಭಿಣಿಯಾಗಿದ್ದಾಗ ಅವಳ ತೂಕ ಎಷ್ಟಿತ್ತು, ಮಗುವಿಗೆ ಎಷ್ಟು ಸಲ ಭೇದಿಯಾಯಿತು, ನೀರು ಎಂಥದ್ದು, ಇವೆಲ್ಲ ಎತ್ತರದಲ್ಲಿ ಸೇರಿಕೊಂಡಿರುತ್ತವೆ. ಎತ್ತರ ಒಂದು ಫಲಿತಾಂಶ. ಬಡತನ ಅದರ ಕಾರಣಗಳಲ್ಲಿ ಒಂದು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ಆರರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಸಿಗುತ್ತಿರುವುದು ಶೇ 11ರಷ್ಟಕ್ಕೆ ಮಾತ್ರ. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಇಲ್ಲ. ಇವರೆಲ್ಲ ಬಡ ಮನೆಯವರಲ್ಲ. ಕೆಲವು ಮನೆಗಳಲ್ಲಿ ದುಡ್ಡಿಲ್ಲ. ಕೆಲವು ಮನೆಗಳಲ್ಲಿ ದುಡ್ಡಿದೆ, ಕೂಸಿಗೆ ದಿನಕ್ಕೆ ನಾಲ್ಕೈದು ಸಲ ಕೂತು ಉಣಿಸುವ ಸಮಯ ಯಾರಿಗೂ ಇಲ್ಲ. ಇನ್ನು ಕೆಲವು ಮನೆಗಳಲ್ಲಿ ಎಂಟು ತಿಂಗಳ ಮಗು ಮೊಟ್ಟೆ ತಿನ್ನಬಹುದು ಎಂದು ಯಾರೂ ಹೇಳಿಕೊಟ್ಟಿಲ್ಲ. ಮೂರೂ ಕೊರತೆಯೇ. ಆದರೆ ಮೂರಕ್ಕೂ ಬೇರೆ ಬೇರೆ ಮದ್ದು. ಒಂದಕ್ಕೆ ದುಡ್ಡು, ಇನ್ನೊಂದಕ್ಕೆ ಹಗಲಲ್ಲಿ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಕೇಂದ್ರ, ಇಲ್ಲವೇ ತಾಯಿಗೆ ಕೆಲಸದ ಜಾಗದಲ್ಲಿ ಬಿಡುವು, ಮತ್ತೊಂದಕ್ಕೆ ಮನೆಗೆ ಬಂದು ಹೇಳುವ ಆಶಾ ಕಾರ್ಯಕರ್ತೆ. ಮಗುವಿನ ಲೆಕ್ಕ ಬೇರೆಯಾಗಿ ಬೇಕು ಎನ್ನುವುದು ಈ ಕಾರಣಕ್ಕೆ. ಯಾವ ರಾಜ್ಯದಲ್ಲಿ ಯಾವ ಕೊರತೆ ಜಾಸ್ತಿ ಎಂದು ಗೊತ್ತಾಗದೆ ಎಲ್ಲರಿಗೂ ಒಂದೇ ಮದ್ದು ಕೊಡುತ್ತಾ ಹೋಗುತ್ತೇವೆ.

ಯಾವಾಗ ಅಳೆದಿರಿ, ಎಷ್ಟು ಮಕ್ಕಳನ್ನು ಅಳೆದಿರಿ

ಮಗುವಿಗೆ ಕಾಲ ಬೇಗ ಓಡುತ್ತದೆ. ಗರ್ಭದ 270 ದಿನ, ಆಮೇಲಿನ ಎರಡು ವರ್ಷದ 730 ದಿನ, ಒಟ್ಟು ಸಾವಿರ ದಿನ. ಮಿದುಳು, ಎಲುಬು ಕಟ್ಟುವ ಕೆಲಸದ ದೊಡ್ಡ ಪಾಲು ಈ ಸಾವಿರ ದಿನದಲ್ಲಿ ನಡೆಯುತ್ತದೆ. ನಮ್ಮ ಸಮೀಕ್ಷೆಗಳು ಈ ವೇಗಕ್ಕೆ ಹೊಂದುವುದಿಲ್ಲ. ಎನ್‌ಎಫ್‌ಎಚ್‌ಎಸ್ ಮೂರನೇ ಸುತ್ತು 2005-06ರಲ್ಲಿ, ನಾಲ್ಕನೆಯದು 2015-16ರಲ್ಲಿ. ನಡುವೆ ಹತ್ತು ವರ್ಷ. 2007, 2008, 2009ರಲ್ಲಿ ಹುಟ್ಟಿದ ಮಕ್ಕಳು ಮೂರನೆಯದರ ಹೊತ್ತಿಗೆ ಹುಟ್ಟಿರಲಿಲ್ಲ, ನಾಲ್ಕನೆಯದರ ಹೊತ್ತಿಗೆ ಐದು ದಾಟಿದ್ದರು. ಮೂರು ವರ್ಷ ಹುಟ್ಟಿದ ಕೋಟಿಗಟ್ಟಲೆ ಮಕ್ಕಳಲ್ಲಿ ಒಬ್ಬರನ್ನೂ ಈ ಸಮೀಕ್ಷೆ ಒಂದು ಸಲವೂ ತೂಗಲಿಲ್ಲ. ಅವರೀಗ ಕಾಲೇಜಿನ ವಯಸ್ಸಿನವರು.

ಐದನೇ ಸುತ್ತಿನದು ಇನ್ನೊಂದು ತೊಡಕು. ಅದನ್ನು ಎರಡು ಹಂತದಲ್ಲಿ ಮಾಡಿದರು. ಕರ್ನಾಟಕ, ಕೇರಳ, ಬಿಹಾರ, ಗುಜರಾತ್‌ಗಳಲ್ಲಿ ಕೋವಿಡ್‌ಗೆ ಮೊದಲೇ, 2019ರಿಂದ 2020ರ ಜನವರಿಯೊಳಗೆ ಕೆಲಸ ಮುಗಿದಿತ್ತು. ತಮಿಳುನಾಡು, ಉತ್ತರ ಪ್ರದೇಶ, ಒಡಿಶಾ, ರಾಜಸ್ಥಾನಗಳಲ್ಲಿ 2020ರ ಜನವರಿಯಲ್ಲಿ ಶುರುವಾಗಿ, ಲಾಕ್‌ಡೌನ್‌ನಲ್ಲಿ ನಿಂತು, 2021ರ ಏಪ್ರಿಲ್ ತನಕ ನಡೆಯಿತು. ಮೇಲೆ ನಾನೇ ಕೊಟ್ಟ ಗುಜರಾತ್ ಮತ್ತು ಒಡಿಶಾ ಹೋಲಿಕೆಯಲ್ಲೂ ಈ ತೊಡಕಿದೆ. ಕರ್ನಾಟಕ ಮತ್ತು ತಮಿಳುನಾಡನ್ನು ಪಕ್ಕಪಕ್ಕ ಇಟ್ಟು ನೋಡುವಾಗಲೂ ಒಂದು ಕಡೆ ಕೋವಿಡ್ ಕಾಣದ ಮಕ್ಕಳು, ಇನ್ನೊಂದು ಕಡೆ ಕೋವಿಡ್ ಕಂಡ ಮಕ್ಕಳೂ ಇದ್ದಾರೆ ಎಂದು ನೆನಪಿಡಬೇಕು.

ಇನ್ನು ಎಷ್ಟು ಮಕ್ಕಳು ಎಂಬ ಪ್ರಶ್ನೆ. 2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ದೇಶದಾದ್ಯಂತ 2,61,746 ಮನೆಗಳನ್ನು ಕೇಳಿದರು. ದೊಡ್ಡ ಸಂಖ್ಯೆ. ಆದರೆ ಅದನ್ನು ರಾಜ್ಯಗಳಿಗೆ ಹಂಚಿ, ಅದರಲ್ಲಿ ಚಿಕ್ಕ ಮಕ್ಕಳಿರುವ ಮನೆಗಳನ್ನು ಮಾತ್ರ ತೆಗೆದರೆ ಕೈಯಲ್ಲಿ ಉಳಿಯುವುದು ಕಡಿಮೆ. ಉದಾಹರಣೆಗೆ ಒಂದು ರಾಜ್ಯದಲ್ಲಿ ಸಾವಿರ ಮಕ್ಕಳು ಸಿಕ್ಕರು, ಅವರಲ್ಲಿ ಶೇ 10 ಬಡವರು ಎಂದಿಟ್ಟುಕೊಳ್ಳಿ. ನಿಜವಾದ ಸಂಖ್ಯೆ ಶೇ ಏಳೂವರೆಯಿಂದ ಹನ್ನೆರಡೂವರೆಯ ನಡುವೆ ಎಲ್ಲಿ ಬೇಕಾದರೂ ಇರಬಹುದು. ಮುಂದಿನ ಸಲ ಶೇ 8 ಬಂದರೆ ಬಡತನ ಇಳಿಯಿತು ಎಂದು ಹೇಳುವಂತಿಲ್ಲ, ಅದು ಆಯ್ಕೆಯ ಅದೃಷ್ಟವೂ ಆಗಿರಬಹುದು. ಸಿಕ್ಕಿಂ, ಗೋವಾದಂಥ ಸಣ್ಣ ರಾಜ್ಯಗಳಲ್ಲಿ ನೂರೈವತ್ತು ಮಕ್ಕಳು ಸಿಕ್ಕರೆ ಲೆಕ್ಕ ಇನ್ನೂ ಸಡಿಲ. ಅಂಥ ಕಡೆ ಎರಡು ಮೂರು ವರ್ಷದ ಮಾಹಿತಿ ಕೂಡಿಸಿ ಹೇಳುವುದೇ ನ್ಯಾಯ. ಸರ್ಕಾರ ಬದಲಾದಾಗಲೆಲ್ಲ ಶೇ ಒಂದೆರಡರ ಏರಿಳಿತ ಹಿಡಿದು ಜಗಳವಾಡುವುದನ್ನು ನೋಡಿದಾಗ ಯಾರಾದರೂ ಈ ಅಂತರವನ್ನು ಜೊತೆಗೆ ಅಚ್ಚು ಹಾಕಬಾರದೇ ಎನಿಸುತ್ತದೆ.

ಅಮೆರಿಕದಲ್ಲೂ ಈ ಕಷ್ಟ ಇದೆ. ಅಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುವ ಸಮುದಾಯ ಸಮೀಕ್ಷೆ ಇರುವುದರಿಂದ ರಾಜ್ಯವಾರು ಪುಟ್ಟ ಮಕ್ಕಳ ಬಡತನವನ್ನು ಪ್ರತಿ ವರ್ಷ ಹೇಳಲು ಸಾಧ್ಯ. ಅಲ್ಲಿನ ಹಳೆಯ ರೇಖೆ 1960ರ ದಶಕದ್ದು, ಊಟದ ಖರ್ಚಿನ ಮೂರು ಪಟ್ಟು ಎಂಬ ಲೆಕ್ಕದಿಂದ ಬಂದದ್ದು. ಅದರ ಜೊತೆಗೆ ಸರ್ಕಾರದ ನೆರವನ್ನೂ ಎಣಿಸುವ ಇನ್ನೊಂದು ಅಳತೆ ಇಟ್ಟುಕೊಂಡಿದ್ದಾರೆ. 2021ರಲ್ಲಿ ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 3,600 ಡಾಲರ್ ತನಕ ತೆರಿಗೆ ನೆರವು ಕೊಟ್ಟರು. ಆ ವರ್ಷ ಈ ಅಳತೆಯಲ್ಲಿ ಮಕ್ಕಳ ಬಡತನ ಶೇ 5.2. ನೆರವು ನಿಂತ ಮರುವರ್ಷ ಶೇ 12.4. ಅಳತೆ ಇದ್ದದ್ದಕ್ಕೆ ಒಂದು ತೀರ್ಮಾನ ಎಷ್ಟು ಮಕ್ಕಳಿಗೆ ಏನು ಮಾಡಿತು ಎಂದು ಒಂದೇ ವರ್ಷದಲ್ಲಿ ಕಂಡಿತು. ನಮ್ಮಲ್ಲಿ ರಾಜ್ಯಗಳು ಮಹಿಳೆಯರ ಖಾತೆಗೆ ತಿಂಗಳು ತಿಂಗಳು ದುಡ್ಡು ಹಾಕುತ್ತಿವೆ. ಕರ್ನಾಟಕದ ಗೃಹಲಕ್ಷ್ಮಿ 2023ರ ಆಗಸ್ಟ್‌ನಲ್ಲಿ ಶುರುವಾಯಿತು, ತಿಂಗಳಿಗೆ 2,000 ರೂಪಾಯಿ. ಅದರಲ್ಲಿ ಎಷ್ಟು ಪಾಲು ಕೂಸಿನ ತಟ್ಟೆಗೆ ತಲುಪಿತು ಎಂದು ವರ್ಷ ವರ್ಷ ಹೇಳುವ ಅಳತೆ ಇದ್ದಿದ್ದರೆ ಪರವಾಗಿ ಮಾತಾಡುವವರಿಗೂ ವಿರೋಧವಾಗಿ ಮಾತಾಡುವವರಿಗೂ ಕೈಯಲ್ಲಿ ಏನಾದರೂ ಇರುತ್ತಿತ್ತು.

ಫೋನಿನಲ್ಲಿ ಬರುವ ಲೆಕ್ಕ

ಸಮೀಕ್ಷೆ ತಡವಾದರೆ ಏನು, 2021ರಿಂದ ಪೋಷಣ್ ಟ್ರ್ಯಾಕರ್ ಇದೆಯಲ್ಲ ಎನ್ನುವವರಿದ್ದಾರೆ. ಅಂಗನವಾಡಿ ಟೀಚರ್ ಪ್ರತಿ ತಿಂಗಳು ಮಗುವಿನ ತೂಕ, ಎತ್ತರವನ್ನು ಫೋನಿನಲ್ಲಿ ಹಾಕುತ್ತಾರೆ. ಆರು ಕೋಟಿಗೂ ಹೆಚ್ಚು ಮಕ್ಕಳ ಅಳತೆ ಅದರಲ್ಲಿದೆ. ಇಷ್ಟು ದೊಡ್ಡ ಕೆಲಸ ಬೇರೆಲ್ಲೂ ನಡೆಯುವುದು ಅಪರೂಪ.

ಆದರೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎನ್‌ಎಫ್‌ಎಚ್‌ಎಸ್-5ರಲ್ಲಿ ಕುಂಠಿತ ಶೇ 35.5, ವಯಸ್ಸಿಗೆ ತಕ್ಕ ತೂಕ ಇಲ್ಲದವರು ಶೇ 32.1, ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಶೇ 19.3. 2025ರ ಜೂನ್ ತಿಂಗಳ ಪೋಷಣ್ ಟ್ರ್ಯಾಕರ್‌ನಲ್ಲಿ ಕುಂಠಿತ ಶೇ 37ರಷ್ಟು, ತೂಕ ಇಲ್ಲದವರು ಶೇ 16ರಷ್ಟು, ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಶೇ 5ರಿಂದ 6. ಎತ್ತರದಲ್ಲಿ ಏನೂ ಬದಲಾಗಿಲ್ಲ, ತೂಕದ ಕೊರತೆ ಅರ್ಧ, ತೆಳ್ಳಗಿನ ಮಕ್ಕಳು ಮೂರನೇ ಒಂದಕ್ಕಿಂತ ಕಡಿಮೆ. ನಾಲ್ಕೈದು ವರ್ಷದಲ್ಲಿ ಮಕ್ಕಳ ಮೈ ಇಷ್ಟು ತುಂಬಿದ್ದರೆ ಹಬ್ಬ ಮಾಡಬೇಕು. ಎತ್ತರ ಅಲ್ಲೇ ನಿಂತಿರುವುದರಿಂದ ನನಗೆ ಅಷ್ಟು ನಂಬಿಕೆ ಬರುತ್ತಿಲ್ಲ. ಅಳತೆಯಲ್ಲಿ ಒಂದೆರಡು ಸೆಂ.ಮೀ. ಕಡಿಮೆ ಬಂದರೆ ಮಗು ಕುಂಠಿತ ಎಂದು ಬರುತ್ತದೆ, ಅದೇ ಹೊತ್ತಿಗೆ ಎತ್ತರಕ್ಕೆ ತೂಕ ಸರಿಯಾಗಿದೆ ಎಂದೂ ಬರುತ್ತದೆ. ಮೊದಲು ಹೇಳಿದ ಹಲಗೆ ಮೇಲಿನ ಮಡಚಿದ ಕಾಲು ನೆನಪಿದೆಯಲ್ಲ? ವ್ಯತ್ಯಾಸ ಪೂರ್ತಿ ಅದರಿಂದಲೇ ಎಂದು ಹೇಳುತ್ತಿಲ್ಲ. ಅಂಗನವಾಡಿಗೆ ಬರುವ ಮಕ್ಕಳೇ ಬೇರೆ, ಬಾರದವರೇ ಬೇರೆ. ಎರಡನ್ನೂ ಬಿಡಿಸಿ ನೋಡಬೇಕು.

ಇದರ ಹೊರೆಯನ್ನು ಟೀಚರ್ ಮೇಲೆ ಹಾಕುವುದು ತಪ್ಪು. ಬೆಳಿಗ್ಗೆ ಮಕ್ಕಳನ್ನು ಕೂಡಿಸಿ, ಹಾಡು ಹೇಳಿಸಿ, ಊಟ ಬಡಿಸಿ, ಗರ್ಭಿಣಿಯರ ಹಾಜರಿ ಹಾಕಿ, ನೆಟ್‌ವರ್ಕ್ ಸಿಗುವ ಕಟ್ಟೆ ಹುಡುಕಿ ಫೋನಿನಲ್ಲಿ ಅಂಕಿ ತುಂಬಬೇಕು. ಅಪೌಷ್ಟಿಕ ಮಕ್ಕಳು ಜಾಸ್ತಿ ಬಂದರೆ ಮೇಲಿನಿಂದ ಪ್ರಶ್ನೆ ಬರುತ್ತದೆ. ಯಾರ ಕೆಲಸವನ್ನು ಅಂಕಿಯಿಂದ ಅಳೆಯುತ್ತೀರೋ ಅವರ ಕೈಯಲ್ಲೇ ಅಂಕಿ ಬರೆಸಿದರೆ ಹೀಗಾಗುವುದು ಸಹಜ. ನೂರು ಕೇಂದ್ರಗಳಲ್ಲಿ ನಾಲ್ಕೈದನ್ನು ಆರಿಸಿ, ಹೊರಗಿನವರು ಮತ್ತೆ ಅಳೆದು ತಾಳೆ ನೋಡಿದರೆ ಸಾಕು, ಪೂರ್ತಿ ಮಾಹಿತಿಯ ಬೆಲೆ ಏರುತ್ತದೆ.

ಗುಳೆ ಹೋಗುವವರ ಮಕ್ಕಳದ್ದು ಬೇರೆಯೇ ಕಥೆ. ಯಾದಗಿರಿ ಜಿಲ್ಲೆಯಲ್ಲಿ ಎನ್‌ಎಫ್‌ಎಚ್‌ಎಸ್-5ರ ಪ್ರಕಾರ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕುಂಠಿತ. ಆ ಭಾಗದಿಂದಲೇ ಸಾವಿರಾರು ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರುತ್ತವೆ. ಊರಲ್ಲಿ ಬಾಗಿಲಿಗೆ ಬೀಗ. ಇಲ್ಲಿ ತಗಡಿನ ಶೆಡ್. ಊರಿನ ಅಂಗನವಾಡಿ ಪುಸ್ತಕದಲ್ಲಿ ಮಗುವಿನ ಹೆಸರಿದೆ, ಮಗು ಇಲ್ಲ. ಶೆಡ್ಡಿನಲ್ಲಿ ಮಗು ಇದೆ, ಹೆಸರಿಲ್ಲ. ಎಲ್ಲರಿಗಿಂತ ಮೊದಲು ಲೆಕ್ಕಕ್ಕೆ ಬರಬೇಕಾದ ಮಕ್ಕಳು ಇವರೇ.

ರಾಜ್ಯವೊಂದು ಮನಸ್ಸು ಮಾಡಿದರೆ

ರಾಜ್ಯ ತನ್ನದೇ ಲೆಕ್ಕ ಮಾಡಿಕೊಳ್ಳಬಹುದು ಎಂಬುದಕ್ಕೆ ಕೇರಳ ಒಂದು ಉದಾಹರಣೆ. ದೇಶದ ಬಡತನ ರೇಖೆಗೆ ಕಾಯದೆ ಊಟ, ಆರೋಗ್ಯ, ಆದಾಯ, ಮನೆ ಎಂಬ ನಾಲ್ಕು ಅಂಶ ಹಿಡಿದು ಸ್ಥಳೀಯ ಸಂಸ್ಥೆಗಳ ಮೂಲಕ 64,006 ಕಡುಬಡ ಕುಟುಂಬಗಳನ್ನು ಹೆಸರು ಹಿಡಿದು ಗುರುತಿಸಿತು. ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಯೋಜನೆ ಬರೆಯಿತು. 2025ರ ನವೆಂಬರ್ 1ರಂದು ಕಡುಬಡತನ ಮುಗಿಯಿತು ಎಂದು ಘೋಷಿಸಿತು. ಆ ಘೋಷಣೆಯ ಬಗ್ಗೆ ತಕರಾರುಗಳಿವೆ. ನನಗೆ ಬೇಕಿರುವುದು ಅದರ ಹಿಂದಿನ ಕೆಲಸ. ಅದೂ ಕುಟುಂಬದ ಲೆಕ್ಕವೇ, ಮಗುವಿನದಲ್ಲ. ಆದರೆ ದಾರಿ ತೋರಿಸುತ್ತದೆ.

ಮಗುವಿನ ಲೆಕ್ಕಕ್ಕೆ ಏನೇನು ಬೇಕು? ಮೊದಲನೆಯದಕ್ಕೆ ಹೊಸ ಖರ್ಚೇ ಇಲ್ಲ. ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಪ್ರತಿ ಮನೆಯ ಪ್ರತಿಯೊಬ್ಬರ ವಯಸ್ಸು ಈಗಾಗಲೇ ಇದೆ. ಆರು ವರ್ಷದೊಳಗಿನವರು ಎಷ್ಟು ಮಂದಿ ಅತಿ ಕಡಿಮೆ ಖರ್ಚಿನ ಮನೆಗಳಲ್ಲಿದ್ದಾರೆ ಎಂದು ರಾಜ್ಯವಾರು ಪಟ್ಟಿ ಹಾಕಿದರೆ ಆಯಿತು, ತಪ್ಪಿನ ಅಂತರದ ಸಮೇತ. ಎರಡನೆಯದು ಮಗುವಿನದೇ ಕೊರತೆಗಳು: ಹಿಂದಿನ ದಿನ ಎಷ್ಟು ಬಗೆಯ ಆಹಾರ ತಿಂದಿತು, ಲಸಿಕೆ ಆಯಿತೇ, ಜನನ ಪತ್ರ ಇದೆಯೇ, ಹಗಲಲ್ಲಿ ನೋಡಿಕೊಳ್ಳುವವರು ಯಾರು, ಅದಕ್ಕೆ ಕಥೆ ಹೇಳುವವರಿದ್ದಾರೆಯೇ. ಒಂದು ವರ್ಷದ ಕೂಸಿಗೂ ಐದು ವರ್ಷದ ಮಗುವಿಗೂ ಒಂದೇ ಪ್ರಶ್ನೆ ಆಗದು, ವಯಸ್ಸಿಗೆ ತಕ್ಕ ಪ್ರಶ್ನೆ ಇರಬೇಕು. ಎತ್ತರ, ತೂಕ ಇರಲಿ, ಆದರೆ ಕೊರತೆಯ ಪಟ್ಟಿಯಲ್ಲಿ ಬೆರೆಸದೆ ಪಕ್ಕದಲ್ಲಿ ಇರಲಿ. ದುಡ್ಡಿಲ್ಲದ ಮಕ್ಕಳು, ಕೊರತೆಯಲ್ಲಿರುವ ಮಕ್ಕಳು, ಎರಡೂ ಕಡೆ ಬರುವ ಮಕ್ಕಳು ಎಂದು ಬೇರೆ ಬೇರೆಯಾಗಿ ಕಂಡರೆ ಯಾರಿಗೆ ಏನು ಬೇಕು ಎಂಬುದೂ ಕಾಣುತ್ತದೆ.

ಇಂಥ ಲೆಕ್ಕ ಇಲ್ಲದಿರುವುದರ ಬೆಲೆ ಎಂಥದ್ದು ಎಂದು ಒಂದು ಅಂಕಿ ಹೇಳುತ್ತದೆ. ಅಂಗನವಾಡಿ ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 6 ರೂಪಾಯಿ ಇದ್ದದ್ದನ್ನು 2017ರಲ್ಲಿ ಕೇಂದ್ರ 8 ರೂಪಾಯಿ ಮಾಡಿತು. ತೀವ್ರ ಅಪೌಷ್ಟಿಕ ಮಗುವಿಗೆ 12. ಹೆಚ್ಚಿನ ರಾಜ್ಯಗಳಲ್ಲಿ ಕೇಂದ್ರ ಅರ್ಧ, ರಾಜ್ಯ ಅರ್ಧ. ಆಮೇಲೆ ಬೇಳೆ, ಎಣ್ಣೆ, ಮೊಟ್ಟೆ ಎಷ್ಟಾಗಿದೆ ಎಂದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ದೊಡ್ಡವರ ವಿಷಯದಲ್ಲಾದರೆ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆ ಆಗುತ್ತದೆ, ಅದಕ್ಕೆ ಬೆಲೆ ಸೂಚ್ಯಂಕ ಇದೆ. ಕೂಸಿನ 8 ರೂಪಾಯಿಯನ್ನು ಎಳೆದು ಮೇಲೆತ್ತಲು ಯಾವ ಸೂಚ್ಯಂಕವೂ ಇಲ್ಲ.

ಕೊನೆಗೆ ತೀರಾ ಮೂಲದ ಪ್ರಶ್ನೆ: ಒಟ್ಟು ಎಷ್ಟು ಮಕ್ಕಳಿದ್ದಾರೆ? 2011ರ ಜನಗಣತಿಯಲ್ಲಿ ಆರರವರೆಗಿನ ಮಕ್ಕಳು ದೇಶದಲ್ಲಿ 16.4 ಕೋಟಿ, ಕರ್ನಾಟಕದಲ್ಲಿ 71 ಲಕ್ಷ. ಆಮೇಲೆ ಗಣತಿ ಆಗಲಿಲ್ಲ. ಇಂದು ಅಂಗನವಾಡಿಯ ಚಾಪೆ ಮೇಲೆ ಕೂತಿರುವ ಒಂದು ಮಗುವನ್ನೂ ಯಾವ ಜನಗಣತಿಯೂ ಎಣಿಸಿಲ್ಲ. ಶೇಕಡಾ ಎಂದು ಹೇಳುತ್ತೇವೆ, ನೂರು ಅಂದರೆ ಯಾರು ಎಂಬುದು ಅಂದಾಜು. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಗಣತಿಯವರು ಬಂದಾಗ ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಾರೆ. ಬೇರೆ ಬೇರೆ ದೇಶಗಳ ಗಣತಿಯಲ್ಲಿ ಮತ್ತೆ ಮತ್ತೆ ಬಿಟ್ಟುಹೋಗುವವರು ಪುಟ್ಟ ಮಕ್ಕಳೇ. ಅಮೆರಿಕದ 2020ರ ಗಣತಿಯಲ್ಲಿ ಐದು ವರ್ಷದೊಳಗಿನವರು ಶೇ 5ಕ್ಕಿಂತ ಹೆಚ್ಚು ಮಂದಿ ಲೆಕ್ಕದಿಂದ ತಪ್ಪಿದರು. ಹೆರಿಗೆಗೆ ತವರಿಗೆ ಬಂದ ಮಗಳ ಮಡಿಲಲ್ಲಿರುವ ಒಂದು ತಿಂಗಳ ಕೂಸು, ಶೆಡ್ಡಿನ ಜೋಳಿಗೆಯಲ್ಲಿ ಮಲಗಿರುವ ಕೂಸು, ಅಜ್ಜಿ ಹತ್ತಿರ ಬಿಟ್ಟುಹೋದ ಎರಡು ವರ್ಷದವಳು, ಇವರ ಹೆಸರನ್ನು ಕೇಳಿ ಬರೆಸಿಕೊಳ್ಳಬೇಕು. ನಾವೂ ನೆನಪಿಟ್ಟು ಬರೆಸಬೇಕು.